ಗೆರೆಯಾಚೆ ಒಂದು ಬೆರಳು

ಟೈಲರಮ್ಮನಿಗೆ ನಲವತ್ತನಾಲ್ಕು ತುಂಬಿದ ವರ್ಷ ಅಂಗಡಿಗೆ ಒಬ್ಬ ಹೆಂಗಸು ಬಂದು, ಬಲ ತೋಳೊಂದನ್ನೇ ಇಟ್ಟು ಅಂಗಿ ಹೊಲಿದುಕೊಡಿ ಅಂದಳು. ಎಡಗೈ ಇತ್ತು, ಐದು ಬೆರಳೂ ಇದ್ದವು, ಒಂದರಲ್ಲಿ ಉಂಗುರವೂ ಇತ್ತು. ಆದರೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ, ಆಸ್ಪತ್ರೆ ಸೇರಿ ಬಂದಮೇಲೆ ಆ ಕೈ ತನ್ನದಲ್ಲವೆಂಬುದು ಅವಳ ವಾದ.

"ಮತ್ತೆ ಯಾರದು?" ಅಂತ ಟೈಲರಮ್ಮ ಕೇಳಿದಳು.

"ನಂಗೇನು ಗೊತ್ತು? ಯಾರೋ ಬಿಟ್ಟುಹೋಗಿದಾರೆ. ಅವರ ಕೈಗೆ ನಾನ್ಯಾಕೆ ಬಟ್ಟೆ ಹಾಕ್ಲಿ?"

ಟೈಲರಮ್ಮ ಎರಡು ತೋಳೂ ಇಟ್ಟೇ ಹೊಲಿದಳು. ಗಿರಾಕಿ ಅಂಗಿಯನ್ನು ಮೇಜಿನ ಮೇಲೆ ಎಸೆದು ಹೋದಳು. ಇಪ್ಪತ್ತು ವರ್ಷದಲ್ಲಿ ಒಂದು ಅಂಗಿ ಹೀಗೆ ವಾಪಸಾದದ್ದು ಅದೇ ಮೊದಲು. ಅವಮಾನಕ್ಕಿಂತ ಹೆಚ್ಚಾಗಿ, ಇರುವ ಕೈ ಇಲ್ಲದ್ದಾಗುವುದು ಹೇಗೆ ಅನ್ನುವುದು ಅವಳ ತಲೆಗೆ ಹುಳ ಬಿಟ್ಟಿತು. ಮಗಳು ಕಾಲೇಜಿನಲ್ಲಿ ನರವಿಜ್ಞಾನ ಓದುತ್ತಿದ್ದಳಲ್ಲ, ಅವಳನ್ನು ಕೇಳಿದಳು.

"ಅದೆಲ್ಲ ಹೇಳಿದ್ರೂ ನಿಂಗೆ ಅರ್ಥ ಆಗಲ್ಲಮ್ಮ" ಅಂದಳು ಮಗಳು.

ಆ ಮಾತೊಂದನ್ನು ಆಡದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಮರುವರ್ಷ ಅಮ್ಮ ಅದೇ ಕಾಲೇಜಿನ ಮೊದಲ ಬೆಂಚಿನಲ್ಲಿ, ಕೊರಳಿಗೆ ಅಳತೆ ಟೇಪು ಹಾಗೇ ನೇತಾಡುತ್ತಿರಲು, ಬಿಎಸ್ಸಿ ವಿದ್ಯಾರ್ಥಿನಿಯಾಗಿ ಕೂತಿದ್ದಳು. ಮಗಳು ಕಾರಿಡಾರಿನಲ್ಲಿ ನಾಚಿಕೆಯಿಂದ ಗೋಡೆ ಸವರಿಕೊಂಡು ಓಡಾಡತೊಡಗಿದಳು.

ಪಾಠದಲ್ಲಿ ಟೈಲರಮ್ಮನನ್ನು ಮೀರಿಸುವವರಿರಲಿಲ್ಲ. ಯಾವ ನರ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಅನ್ನುವುದನ್ನು ಬಣ್ಣದ ದಾರದಲ್ಲಿ ಹಳೇ ದಿಂಬಿನ ಮೇಲೆ ಹೊಲಿದು ಬಾಯಿಪಾಠ ಮಾಡಿದಳು. ಎಡವಿದ್ದು ಪ್ರಾಕ್ಟಿಕಲ್ಲಿನಲ್ಲಿ. ಕುರಿಯ ಮಿದುಳಿನ ಮೇಲೆ ಮೇಡಂ ಒಂದು ಗೆರೆ ಎಳೆದುಕೊಡುತ್ತಿದ್ದರು. ಸರಿಯಾಗಿ ಆ ಗೆರೆಯ ಮೇಲೆ ತುಂಡು ಕತ್ತರಿಸಬೇಕು. ಅದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಯಂತ್ರಕ್ಕೆ ಕೊಟ್ಟು ತೆಳ್ಳಗೆ ಹೆರೆದು ಸ್ಲೈಡು ಮಾಡಬೇಕು. ಟೈಲರಮ್ಮ ಗೆರೆಯಿಂದ ಒಂದು ಬೆರಳು ಆಚೆಗೆ ಕತ್ತರಿಸಿದಳು.

"ಗೆರೆ ಕಾಣಲ್ವೇನ್ರೀ?" ಅಂದರು ಮೇಡಂ.

"ಕಾಣುತ್ತೆ ಮೇಡಂ. ನಾಳೆ ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡೋಕೆ ಸ್ವಲ್ಪ ಇರಲಿ ಅಂತ."

"ಮಿದುಳನ್ನ ಯಾರ್ರೀ ಬಿಚ್ಚಿ ಸಡಿಲ ಮಾಡ್ತಾರೆ?"

ಫೇಲು. ಎರಡನೇ ಸಲವೂ ಅದೇ ಒಂದು ಬೆರಳು, ಅದೇ ಫೇಲು. ಮೂರನೇ ಸಲವೂ ಹೋದರೆ ಕಾಲೇಜಿನಿಂದಲೇ ಹೆಸರು ತೆಗೆಯುವ ನಿಯಮ. ಈಗ ಮಗಳೇ ಚೀಲಗಟ್ಟಲೆ ಆಲೂಗಡ್ಡೆ ತಂದು, ಗೆರೆ ಎಳೆದು, ಅಮ್ಮನನ್ನು ಎದುರಿಗೆ ಕೂರಿಸಿಕೊಂಡಳು.

"ಗೆರೆ ಮೇಲೆ ಅಮ್ಮ. ಗೆರೆ ಮೇಲೆ."

ಹದಿನೈದು ದಿನ ಮನೆಮಂದಿ ಆಲೂಗಡ್ಡೆಯನ್ನೇ ತಿಂದರು. ಟೈಲರಮ್ಮನ ಕೈ ಕೊನೆಗೂ ಗೆರೆಗೆ ಬಂತು.

ಪರೀಕ್ಷೆಯ ದಿನ ಒಂಬತ್ತು ಜನ, ಒಂಬತ್ತು ಮಿದುಳು. ಟೈಲರಮ್ಮ ಚಾಕುವನ್ನು ಗೆರೆಯ ಮೇಲಿಟ್ಟಳು. ಆಲೂಗಡ್ಡೆಯಾಗಿದ್ದರೆ ಸರಿಹೋಗುತ್ತಿತ್ತು. ಕೈಗೆ ಮೆತ್ತಗಿನದು ಸಿಕ್ಕಿದ ಕೂಡಲೇ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಹಾಗೆ ಚಾಕು ತಾನಾಗಿ ಒಂದು ಬೆರಳು ಆಚೆಗೆ ಸರಿದು ಇಳಿಯಿತು. ಮೇಡಂ ನೋಡಿದರು, ಬೈಯಲೂ ಇಲ್ಲ.

"ಇರಲಿ, ಸ್ಲೈಡು ಮುಗಿಸಿಯೇ ಹೋಗಿ. ಹೇಗೂ ಕೊನೇ ಸಲ."

ಟೈಲರಮ್ಮನಿಗೆ ಅಳು ಬಂತು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ಆ ಸಂಜೆ ಲ್ಯಾಬಿನ ನೀರಿನ ಪೈಪು ಒಡೆದು ಮೂರು ದಿನ ಬಾಗಿಲು ಹಾಕಿದರು. ಒಂದು ದಿನ ನೆನೆಯಬೇಕಾದ ತುಂಡುಗಳು ಸ್ಪಿರಿಟ್ಟಿನಲ್ಲಿ ನಾಲ್ಕು ದಿನ ನೆನೆದು, ಕುಗ್ಗಿ, ಅಂಚೆಲ್ಲ ಬಿರುಸಾಗಿ ಕೂತಿದ್ದವು. ಯಂತ್ರ ಅಂಚು ಹೆರೆಯುತ್ತಿದ್ದ ಹಾಗೆ ಗೆರೆಯ ಮೇಲೆ ಕತ್ತರಿಸಿದ್ದ ಎಂಟು ಮಂದಿಯ ಮಿದುಳಿನಲ್ಲಿ ಬೇಕಾದ ಭಾಗವೇ ಪುಡಿಯಾಗಿ ಉದುರಿತು. ಟೈಲರಮ್ಮನ ತುಂಡಿನಲ್ಲಿ ಉದುರಿದ್ದು ಆ ಒಂದು ಬೆರಳಷ್ಟೇ.

ಮೇಡಂ ಸೂಕ್ಷ್ಮದರ್ಶಕದಿಂದ ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದು ಕುಗ್ಗುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮೇಡಂ. ನೆನೆಸಿದ್ದು ಕುಗ್ಗದೇ ಇರುತ್ತಾ?"

ಟೈಲರಮ್ಮ ಪಾಸು, ಉಳಿದ ಎಂಟು ಮಂದಿಗೆ ಮರುಪರೀಕ್ಷೆ. ಮಗಳು ಅಂದು ಕಾರಿಡಾರಿನ ನಟ್ಟನಡುವೆ ಅಮ್ಮನ ಕೈ ಹಿಡಿದು ನಡೆದಳು.

ಮರುದಿನ ಟೈಲರಮ್ಮ ಎರಡು ವರ್ಷದಿಂದ ಮೊಳೆಗೆ ನೇತಾಡುತ್ತಿದ್ದ ಅಂಗಿಯನ್ನು ಇಳಿಸಿ, ಆ ಹೆಂಗಸಿಗೆ ಹೇಳಿಕಳಿಸಿದಳು. ಹೆಂಗಸು ಬಂದಳು.

"ಕೈ ಈಗ ಯಾರದು?" ಅಂತ ಟೈಲರಮ್ಮ ಕೇಳಿದಳು.

"ಇನ್ನೂ ಯಾರೂ ಬಂದು ತಗೊಂಡು ಹೋಗಿಲ್ಲ."

ಆ ಕೈ ಯಾಕೆ ಅವಳದಲ್ಲ ಅನ್ನುವುದನ್ನು ಈಗ ಟೈಲರಮ್ಮ ಮಿದುಳಿನ ಚಿತ್ರ ಬರೆದು ಹೇಳಬಲ್ಲಳು. ಆದರೆ ಪೆನ್ನಿನ ಬದಲು ಕತ್ತರಿ ಎತ್ತಿಕೊಂಡಳು. ಎಡ ತೋಳಿನ ಹೊಲಿಗೆ ಬಿಚ್ಚಿ, ತೋಳನ್ನು ಮಡಚಿ, ಅಂಗಿಯ ಒಳಗೆ ಪಕ್ಕೆಯ ಹತ್ತಿರ ನಾಲ್ಕು ಸಡಿಲ ಹೊಲಿಗೆ ಹಾಕಿ ಕೊಟ್ಟಳು.

ಹೆಂಗಸು ಮುಟ್ಟಿ ನೋಡಿದಳು. "ಇದೇನು ಒಳಗೆ?"

"ತೋಳು. ಆ ಕೈಯವರು ಯಾವತ್ತಾದ್ರೂ ಬಂದ್ರೆ ಬೇಕಾಗುತ್ತಲ್ಲ."

ಹೆಂಗಸು ಬಲಗೈಯಿಂದ ಎಡಗೈಯನ್ನು ಮೆಲ್ಲಗೆ ಎತ್ತಿ ಟೈಲರಮ್ಮನ ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಇನ್ನೊಂದ್ಸಲ ಅಳತೆ ತಗೊಳ್ಳಿ" ಅಂದಳು. "ಬಿಗಿಯಾಗಬಾರದು."