ದೋಣಿಗಾರನ ಅಡುಗೆಮನೆ

ತಿಂಗಳ ಎರಡನೇ ಭಾನುವಾರ ನಾವು ನಾಲ್ವರು ಸೇರಿ ಒಂದು ಸಿನಿಮಾ ನೋಡುತ್ತೇವೆ. ಹಾಸನದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ನಾನು, ಹೊಳೆನರಸೀಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಗೆಳೆಯ, ಅರಕಲಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ನಾವೆಲ್ಲ ಅಕ್ಕ ಎಂದು ಕರೆಯುವ ಟೀಚರು, ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ಗೆಳೆಯ. ಬೆಂಗಳೂರಿನ ಒಂದು ಚಿತ್ರೋತ್ಸವದ ಸಾಲಿನಲ್ಲಿ ನಿಂತಿದ್ದಾಗ, ಮಾತಿನ ಧಾಟಿ ಕೇಳಿಯೇ ನಾವು ಒಂದೇ ಜಿಲ್ಲೆಯವರೆಂದು ಪರಸ್ಪರ ಪತ್ತೆಹಚ್ಚಿದ್ದೆವು.

ನಮ್ಮಲ್ಲಿ ಕೆಲವು ನಿಯಮಗಳಿವೆ. ಸಿನಿಮಾ ಆರಿಸುವವರು ಅದನ್ನು ಮೊದಲೇ ನೋಡಿರಬಾರದು. ನೋಡಿದ್ದರೆ ಅವರು ಪರದೆ ಬಿಟ್ಟು ನಮ್ಮ ಮುಖಗಳನ್ನೇ ನೋಡುತ್ತಾ ಕೂರುತ್ತಾರೆ. ಮಾತು ಶುರುವಾಗುವಾಗ, ಯಾರಿಗೆ ಹೆಚ್ಚು ಬೇಸರವಾಗಿದೆಯೋ ಅವರೇ ಮೊದಲು ಮಾತಾಡಬೇಕು. ಹೊಗಳಿಕೆ ಮೊದಲು ಬಂದರೆ ಬೈಯಬೇಕೆಂದಿದ್ದವರು ಸಂಕೋಚಪಡುತ್ತಾರೆ ಎಂದು ಅಕ್ಕ ಮಾಡಿದ ನಿಯಮ ಇದು. ನಿದ್ದೆ ಹೋದವರಿಗೆ ಮಾತೂ ಇಲ್ಲ, ಓಟೂ ಇಲ್ಲ. ಆರಿಸಿದವರಿಗೂ ಓಟಿಲ್ಲ. ನೋಡಿದ ದಿನ, ಊರು, ಯಾರು ಮೊದಲು ಮಾತಾಡಿದರು, ಉದ್ದನೆಯ ಶಾಟುಗಳು ಎಷ್ಟೆಷ್ಟು ಹೊತ್ತಿನವು ಎಂಬುದನ್ನೆಲ್ಲ ನಾನು ಡೈರಿಯಲ್ಲಿ ಬರೆದಿಡುತ್ತೇನೆ.

ಆ ಬರಹದ ಪ್ರಕಾರ, ನಾನು ತಂದ ನಿಧಾನಗತಿಯ ಸಿನಿಮಾಗಳಿಗೆಲ್ಲ ಮೊದಲು ಬಾಯಿ ತೆರೆದವನು ಹೊಳೆನರಸೀಪುರದವನೇ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ನೋಟಿಸ್ ಕೊಟ್ಟುಬಿಟ್ಟ.

"ಇದೊಂದು ಕಿತ ನೋಡ್ತೀನಿ ಕಣ್ಲಾ. ಇದೂ ಅಂಗೇ ಆದ್ರೆ ನಿನ್ ಆಮೆ ಪಿಚ್ಚರ್ ಎಲ್ಲಾ ಬಂದ್. ಭಾನ್ವಾರ ಅಂಗ್ಡಿ ಬಾಗ್ಲಾಕ್ಕಂಡು ಬತ್ತೀನಿ, ಗೋಡೆ ನೋಡಕ್ಕಲ್ಲ."

ನೋಡಿದ ಮೇಲೆ, ಇಂಥವು ಇನ್ನು ಬೇಕೋ ಬೇಡವೋ ಎಂದು ಓಟಿಗೆ ಹಾಕೋಣ ಎಂದರು ಅಕ್ಕ. ಸೋತರೆ ನನಗೆ ನಷ್ಟವಾಗುವುದು ನಿಜ. ಇಂಥ ಸಿನಿಮಾವನ್ನು ಒಬ್ಬನೇ ನೋಡಲು ನನ್ನಿಂದ ಆಗುವುದಿಲ್ಲ. ರೂಮಿನಲ್ಲಿ ಪ್ರಯತ್ನಿಸಿದಾಗಲೆಲ್ಲ ಅರ್ಧಗಂಟೆಯೊಳಗೆ ಕೈ ಫೋನಿಗೆ ಹೋಗಿದೆ. ಪಕ್ಕದಲ್ಲಿ ಮೂವರು ಕೂತಿದ್ದರೆ ಮಾತ್ರ ನಾನೂ ಕೂರುತ್ತೇನೆ. ಆದರೂ ನನಗೆ ಅಳುಕಿರಲಿಲ್ಲ. ಆರಿಸಿದ ಸಿನಿಮಾದ ಬಗ್ಗೆ ಸಾಕಷ್ಟು ಓದಿಕೊಂಡಿದ್ದೆ. ಹೊಳೆಗೆ ಸೇತುವೆ ಬಂದದ್ದರಿಂದ ಕೆಲಸ ಕಳೆದುಕೊಳ್ಳುವ ಒಬ್ಬ ದೋಣಿಗಾರನ ಕಥೆ. ದೂರದ ಯಾವುದೋ ಚಳಿ ದೇಶದ್ದು.

ಆ ತಿಂಗಳ ಸರದಿ ಚನ್ನರಾಯಪಟ್ಟಣದ್ದು. ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದೆವು. ಅವರದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ಅಲ್ಲಿ ಸಿನಿಮಾ ಮಧ್ಯಾಹ್ನವೇ ಶುರುವಾಗುತ್ತದೆ. ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಒಂದು ವೈರು, ಸ್ಪೀಕರಿಗೆ ಇನ್ನೊಂದು. ನಾನು ಎಲ್ಲವನ್ನೂ ಜೋಡಿಸುವವರೆಗೆ ಮಾತು ಹೊಸ ಸಿನಿಮಾಗಳ ಮೇಲೆ ಹರಿದಿತ್ತು.

"ಆ ಫೈಟ್ ಪಿಚ್ಚರ್‌ನ ಎರಡು ಸಲ ನೋಡ್ದೆ ಅಕ್ಕೋ. ಇಂಟರ್ವಲ್ ತಂಕ ಬೆಂಕಿ," ಎಂದ ಹೊಳೆನರಸೀಪುರದವನು.

"ಆಮೇಲೆ?" ಎಂದು ಅಕ್ಕ ಕೇಳಿದರು.

"ಆಮೇಲೆ ಬೂದಿ."

"ಮತ್ತೆ ಎರಡನೇ ಸಲ ಯಾಕೋ ಹೋದೆ?"

"ಇಂಟರ್ವಲ್ ತಂಕ ನೋಡಕ್ಕೆ."

ಸಿನಿಮಾ ಶುರುವಾಯಿತು. ಹೊಳೆ, ಮಂಜು, ದೋಣಿ, ದೋಣಿಗಾರನ ಬೆನ್ನು. ಹೊಳೆನರಸೀಪುರದವನು ಎರಡು ಸಲ ಆಕಳಿಸಿದ. ಅರ್ಧ ಕಳೆದ ಮೇಲೆ ದೋಣಿಗಾರನ ಅಡುಗೆಮನೆ ಬಂತು. ಮೇಜಿನ ಮೇಲೆ ಎರಡು ಲೋಟ, ಅರೆತೆರೆದ ಬಾಗಿಲು, ಬಾಗಿಲಾಚೆ ಹೊಳೆಯ ಒಂದು ಚೂರು. ಯಾರೂ ಇಲ್ಲ. ಹೆಜ್ಜೆ ಸಪ್ಪಳ ಕೇಳಿಸಿತು. ಕುರ್ಚಿ ಎಳೆದ ಸದ್ದು, ನೀರು ಸುರಿದ ಸದ್ದು. ಒಬ್ಬ ಹೆಂಗಸಿನ ದನಿ, ತಡೆದು ತಡೆದು ಏನೋ ಹೇಳಿತು. ಗಂಡಸು ಹೂಂಗುಟ್ಟಿದ. ಸಬ್‌ಟೈಟಲ್ ಬರಲಿಲ್ಲ. ಚಿತ್ರ ಒಂದಿಷ್ಟೂ ಅಲುಗಲಿಲ್ಲ. ಹೆಂಗಸು ಬಿಕ್ಕಿದಂತಾಯಿತು. ಮತ್ತೆ ಮೌನ. ಮನುಷ್ಯರನ್ನು ತೋರಿಸದೆ ಬರೀ ದನಿಯಲ್ಲಿ ಮನೆಯೊಂದನ್ನು ತುಂಬಿಸುವ ಧೈರ್ಯಕ್ಕೆ ನಾನು ಮನಸ್ಸಿನಲ್ಲೇ ತಲೆಬಾಗಿದೆ. ಪಕ್ಕಕ್ಕೆ ನೋಡಿದರೆ ಹೊಳೆನರಸೀಪುರದವನು ಮುಂದಕ್ಕೆ ಬಾಗಿ, ಗಲ್ಲಕ್ಕೆ ಕೈಕೊಟ್ಟು, ಕಣ್ಣು ಮಿಟುಕಿಸದೆ ಕೂತಿದ್ದ.

ಕೆಳಗಿನಿಂದ ಪಾತ್ರೆ ಅಂಗಡಿಯವನ ತಾಯಿ ಮಗನನ್ನು ಕರೆದರು. ಅವನು ಒರಗಿದ್ದ ದಿಂಬಿಗೆ ಕೈಯೂರಿ ಎದ್ದ. ಪರದೆಯ ಮೇಲೆ ಅಡುಗೆಮನೆ ಥಟ್ಟನೆ ಹೋಗಿ ಬೆಳಕು ತುಂಬಿದ ಹೊಳೆ ಬಂತು. ಅಕ್ಕ "ಆಹಾ" ಎಂದರು.

ಮುಗಿದ ಮೇಲೆ ನಾವು ಕಾದೆವು. ಮೊದಲು ಮಾತಾಡಬೇಕಾದವನು ಖಾಲಿ ಪರದೆಯನ್ನೇ ನೋಡುತ್ತಿದ್ದ. ಕೊನೆಗೆ ಅಕ್ಕನೇ ಶುರುಮಾಡಿ, ಮೊದಲರ್ಧ ಎಳೆದಂತಾಯಿತು, ಆದರೆ ಆ ಅಡುಗೆಮನೆಗಾಗಿ ಎಲ್ಲವನ್ನೂ ಕ್ಷಮಿಸಬಹುದು ಎಂದರು. "ಮಾತು ನಮಗೆ ಅರ್ಥ ಆಗಬಾರದು ಅಂತಲೇ ಸಬ್‌ಟೈಟಲ್ ಕೊಟ್ಟಿಲ್ಲ. ಎಷ್ಟು ಯೋಚನೆ ಮಾಡಿದಾರೆ ನೋಡು."

ಆಮೇಲೆ ಅವನು ನಿಧಾನವಾಗಿ ಬಾಯಿಬಿಟ್ಟ. "ಹೆಂಡ್ತಿ ಬಿಟ್ಟೋಗ್ತಾ ಅವ್ಳೆ. ಮುಖ ತೋರ್ಸಲ್ಲ. ಎರಡು ಲೋಟ ತೋರಿಸ್ತಾನೆ ಅಷ್ಟೇಯ. ಅಷ್ಟ್ರಲ್ಲೇ ಎಲ್ಲಾ ಗೊತ್ತಾಯ್ತದೆ. ಇಂಗೂ ಪಿಚ್ಚರ್ ಮಾಡ್ಬೋದು ಅಂತ ನಂಗೆ ಗೊತ್ತಿರ್ನಿಲ್ಲ ಕಣ್ಲಾ. ನನ್ ಓಟು ನಿಂಗೇಯ."

ಊಟವಾದ ಮೇಲೆ ಓಟು ಎಂದಾಯಿತು. ಎಲ್ಲರೂ ಕೆಳಗಿಳಿದರು. ನಾನು ಮಾತ್ರ ಆ ಶಾಟಿನ ಉದ್ದವನ್ನು ಬರೆದುಕೊಳ್ಳಲು ಉಳಿದೆ. ಲ್ಯಾಪ್‌ಟಾಪಿನಲ್ಲಿ ಅದನ್ನು ಹುಡುಕಿದೆ. ಎರಡು ಲೋಟ, ಅರೆತೆರೆದ ಬಾಗಿಲು. ಬಾಗಿಲಿನಿಂದ ದಪ್ಪ ಸ್ವೆಟರಿನ ಒಬ್ಬ ಹೆಂಗಸು ಒಳಗೆ ಬಂದಳು. ಕುರ್ಚಿ ಎಳೆದು ಕೂತಳು. ಕೆಳಗೆ ಸಬ್‌ಟೈಟಲ್ ಬಂತು: ನಮ್ಮ ಮೇಕೆ ಕಾಲು ಮುರಿದುಕೊಂಡಿದೆ.

ಎರಡನೇ ಸಲ ನೋಡಿದೆ. ಅದೇ ಹೆಜ್ಜೆ, ಅದೇ ನೀರು, ಅದೇ ಬಿಕ್ಕು. ಎದ್ದುಹೋಗಿ ದಿಂಬು ಎತ್ತಿದೆ. ಪ್ರೊಜೆಕ್ಟರಿನ ರಿಮೋಟು ಅಲ್ಲಿತ್ತು. ಚಿತ್ರವನ್ನು ಇದ್ದಲ್ಲೇ ನಿಲ್ಲಿಸುವ ಗುಂಡಿಯೊಂದು ಅದರಲ್ಲಿದೆ. ಸ್ಪೀಕರಿನ ವೈರು ಬೇರೆಯಾದ್ದರಿಂದ ಸದ್ದು ನಿಲ್ಲುವುದಿಲ್ಲ. ದಿಂಬಿಗೆ ಒರಗಿದಾಗ ಗುಂಡಿ ಒತ್ತಿಹೋಗಿದೆ, ಕೈಯೂರಿ ಎದ್ದಾಗ ಮತ್ತೆ ಒತ್ತಿದೆ. ಒಂಬತ್ತು ನಿಮಿಷ ನಾವು ನೋಡಿದ್ದು ನಿಂತುಹೋದ ಚಿತ್ರ.

ಕೆಳಗೆ ತಟ್ಟೆಗಳ ಸದ್ದು ಕೇಳುತ್ತಿತ್ತು. ಎರಡು ಓಟು ಆಗಲೇ ನನ್ನ ಕಡೆಗಿದ್ದವು. ಲ್ಯಾಪ್‌ಟಾಪ್ ಮುಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಿನಿಮಾ ಒಳ್ಳೆಯದೆಂದು ನನಗೆ ಖಾತರಿಯಿತ್ತು. ಅದು ಗೆಲ್ಲುವುದಾದರೆ ದಿಂಬಿನ ಸಹಾಯ ಅದಕ್ಕೆ ಬೇಕಿರಲಿಲ್ಲ. ಇಳಿದುಹೋಗಿ, ಚಪಾತಿ ಬಡಿಸುತ್ತಿದ್ದಾಗಲೇ ವಿಷಯ ಹೇಳಿದೆ.

ಊಟ ಮುಗಿಸಿ ಎಲ್ಲರೂ ಮೇಲೆ ಬಂದು ಆ ಭಾಗವನ್ನು ಮತ್ತೆ ನೋಡಿದರು. ಹೊಳೆನರಸೀಪುರದವನು ಸಬ್‌ಟೈಟಲನ್ನು ಎರಡು ಸಲ ಓದಿದ.

"ಮೇಕೇನಾ?"

"ಮೇಕೆ," ಎಂದೆ.

"ಯಾರವಳು?"

"ಪಕ್ಕದ ಮನೆಯವಳು."

"ಮೇಕೆಗೆ ಅಳ್ತಾ ಇದ್ದದ್ದಾ!"

ಅಕ್ಕನಿಗೆ ನಗು ತಡೆಯಲಿಲ್ಲ. "ನೀನೂ ಕಣ್ಣು ಒರೆಸ್ಕೊಂಡ್ಯಲ್ಲೋ, ನಾ ನೋಡ್ದೆ."

"ನೀವೇನ್ ಕಮ್ಮಿನಾ ಅಕ್ಕೋ? ಎಷ್ಟು ಯೋಚ್ನೆ ಮಾಡವ್ರೆ ಅಂದ್ರಿ. ಯೋಚ್ನೆ ಮಾಡಿದ್ದು ದಿಂಬು!"

ನಗು ಅಡಗಿದ ಮೇಲೆ ಅಕ್ಕ ಗಂಭೀರವಾದರು. ನಿಂತ ಚಿತ್ರಕ್ಕೂ ನಡೆಯುವ ಚಿತ್ರಕ್ಕೂ ವ್ಯತ್ಯಾಸ ಗೊತ್ತಾಗದಿದ್ದರೆ ನಾವು ನೋಡುತ್ತಿರುವುದಾದರೂ ಏನನ್ನು, ಇಷ್ಟು ದಿನ ಬರೀ ಹೊಗಳುವುದನ್ನು ಕಲಿತಿದ್ದೇವೇನೋ ಎಂದು ಹೇಳಿ ತಮ್ಮ ಓಟನ್ನು ಬೇಡದ ಕಡೆಗೆ ಹಾಕಿದರು. ಹೊಳೆನರಸೀಪುರದವನು ಮಾತು ಬದಲಿಸಲಿಲ್ಲ. "ಒಂಬತ್ತು ನಿಮ್ಸ ಕೂತಿದ್ದು ನಾನೇ ತಾನೇ? ದಿಂಬು ಬಂದು ಕೂರುಸ್ತಾ?" ಎಂದ.

ಎಲ್ಲರೂ ಪಾತ್ರೆ ಅಂಗಡಿಯವನತ್ತ ತಿರುಗಿದೆವು. ಅವನು ಕಿಟಕಿಯ ಜಮಖಾನ ಬಿಚ್ಚುತ್ತಿದ್ದವನು ತಿರುಗದೆಯೇ ಹೇಳಿದ: "ನನ್ನ ಕೇಳಬೇಡಿ. ನಾನು ನಿದ್ದೆ ಹೋಗಿದ್ದೆ. ಅದಕ್ಕೇ ಒರಗಿದ್ದು."

ನಿಯಮದ ಪ್ರಕಾರ ಅವನ ಓಟು ಹೋಯಿತು. ಉಳಿದದ್ದು ಬೇಕೆಂದು ಒಂದು, ಬೇಡವೆಂದು ಒಂದು. ಇದೇ ಸಿನಿಮಾವನ್ನು ಮುಂದಿನ ತಿಂಗಳು ಮೊದಲಿನಿಂದ ನೋಡೋಣ, ಆಮೇಲೆ ಓಟು ಎಂದು ಕೇಳಿದವನು ನಾನಲ್ಲ, ಹೊಳೆನರಸೀಪುರದವನು.

ಮುಂದಿನ ತಿಂಗಳು ಹಾಸನದ ನನ್ನ ರೂಮಿನಲ್ಲಿ ಸೇರಿದೆವು. ರಿಮೋಟನ್ನು ಅಕ್ಕ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಪಾತ್ರೆ ಅಂಗಡಿಯವನನ್ನು ಗೋಡೆಯಿಂದ ದೂರ, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂರಿಸಿದೆವು. ಅಡುಗೆಮನೆ ಬಂತು. ಹೆಂಗಸು ಮೇಕೆಯ ಕಥೆ ಹೇಳುತ್ತಾ ಹೋದಳು. ದೋಣಿಗಾರ ಅವಳ ಲೋಟಕ್ಕೆ ನೀರು ಸುರಿದ, ತನ್ನ ಲೋಟಕ್ಕೂ ಸುರಿದ. ಮೇಕೆಯನ್ನು ಡಾಕ್ಟರ ಹತ್ತಿರ ಒಯ್ಯಲು ಇನ್ನು ದೋಣಿ ಬೇಕಾಗುವುದಿಲ್ಲ, ಸೇತುವೆ ಇದೆಯಲ್ಲ ಎಂದು ಅವಳೇ ಸಮಾಧಾನ ಮಾಡಿಕೊಂಡಳು. ಅವನು ಹೂಂಗುಟ್ಟಿದ. ಹೋದ ಸಲ ನಾವೆಲ್ಲ ಕೇಳಿದ್ದ ಹೂಂ ಅದೇ.

ಅಕ್ಕ ಕತ್ತಲಲ್ಲೇ "ಅಯ್ಯೋ" ಎಂದರು.

ಓಟಿನಲ್ಲಿ ಈ ಸಲ ಮೂರೂ ನನ್ನ ಕಡೆಗೆ ಬಂದವು, ಪಾತ್ರೆ ಅಂಗಡಿಯವನದೂ ಸೇರಿ. ಇಂಥ ಸಿನಿಮಾ ಮೂರು ತಿಂಗಳಿಗೊಂದೇ ಇರಬೇಕು ಎಂದು ಹೊಳೆನರಸೀಪುರದವನು ಷರತ್ತು ಹಾಕಿದ. ನಾನು ಒಪ್ಪಿದೆ. ಅಂದಿನಿಂದ ಇಂದಿನವರೆಗೆ ಅದು ತಪ್ಪಿಲ್ಲ.

ಆದರೆ ನಿಂತುಹೋದ ಅಡುಗೆಮನೆಯೇ ಚೆನ್ನಾಗಿತ್ತು ಎಂಬ ಹಟವನ್ನು ಅವನು ಇನ್ನೂ ಬಿಟ್ಟಿಲ್ಲ. ಮೇಕೆ ಬಂದು ಎಲ್ಲಾ ಕೆಡಿಸಿತು ಅನ್ನುತ್ತಾನೆ. ನಾನು ಪ್ರತಿ ಸಲವೂ ವಾದಕ್ಕಿಳಿಯುತ್ತೇನೆ. ಗೆದ್ದಿದ್ದೇನೆ ಅನ್ನಿಸಿದ ದಿನ ಮಾತ್ರ ಇನ್ನೂ ಬಂದಿಲ್ಲ.