ಕೊನೆಯ ಮನೆಯವರ ಜಾಗ

ಮರ್ಡೀನಾ ಮೆಕಾಸ್ಕಿಲ್ ಐವತ್ತೆಂಟು ವರ್ಷ ಬಾಳಿದ್ದೇ ನೆಲ ಬಿಡದೆ. ನಗಬೇಡಿ. ಸ್ಕಾಟ್ಲೆಂಡಿನ ಕಡಲಂಚಿನ ನಮ್ಮ ಹಾಲಸ್ತಾ ಊರಿನಲ್ಲಿ ಏಣಿ ಹತ್ತದೆ, ಬಂಡೆ ಏರದೆ, ದೋಣಿಕಟ್ಟೆಯ ಅಂಚಿಗೆ ಹೋಗದೆ ಬದುಕಿದ ಹೆಣ್ಣು ಇನ್ನೊಬ್ಬಳಿಲ್ಲ. ಅದು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡದ್ದು ಅವಳ ಜಾಣತನ. ಪರದೆ ತೂಗುಹಾಕುವ ದಿನ ಅವಳಿಗೆ ತಲೆನೋವು ಬರುತ್ತಿತ್ತು. ಹೊಗೆಗೂಡಿನ ಮಸಿ ತೆಗೆಯುವ ದಿನ ಯಾರದೋ ಮನೆಯ ಬಾಣಂತಿಯನ್ನು ನೋಡಿ ಬರಲೇಬೇಕಾಗುತ್ತಿತ್ತು. ಪ್ರಾಯದಲ್ಲಿ ಗ್ಲಾಸ್ಗೋದ ಟ್ರಾಮ್ ಡ್ರೈವರನೊಬ್ಬ ಮದುವೆ ಕೇಳಿಕೊಂಡು ಬಂದಾಗ ಇವಳು ಒಲ್ಲೆ ಎಂದಳು. ಅವನು ಕುಡುಕನಿರಬೇಕು ಎಂದು ಊರು ಆಡಿಕೊಂಡಿತು. ಪಾಪ, ಚಹಾ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ. ಅವನ ಮನೆ ನಾಲ್ಕನೇ ಮಹಡಿಯಲ್ಲಿತ್ತು, ಅಷ್ಟೇ.

ಅಂಥವಳು ಈಗ ತುದಿಗೆ ಹೊರಡಬೇಕಿತ್ತು.

ತುದಿ ಎಂದರೆ ಊರಿನಿಂದ ದೋಣಿಯಲ್ಲಿ ಹೋಗಿ, ಜೌಗು ದಾಟಿ ನಡೆದರೆ ಸಿಗುವ ಭೂಶಿರ. ಮರವಿಲ್ಲ, ಮನೆಯಿಲ್ಲ. ಗಾಳಿಯೊಂದೇ ಅಲ್ಲಿನ ಕಾಯಂ ವಾಸಿ. ಬೇಸಿಗೆಯಲ್ಲಿ ಊರಿನ ಕುರಿಗಳೆಲ್ಲ ಮೇಯುವುದು ಅಲ್ಲಿಯೇ. ಜುಲೈನಲ್ಲಿ ಉಣ್ಣೆ ಕತ್ತರಿಸಲು ಅವನ್ನು ಅಟ್ಟಿ ತರುವ ದಿನ ಮನೆಗೊಬ್ಬರು ಹೋಗಲೇಬೇಕು. ಭೂಶಿರದ ಅಡ್ಡಕ್ಕೆ ಸಾಲಾಗಿ ನಿಂತು, ಪಕ್ಕದವರ ಕೂಗು ಕೇಳುವಷ್ಟು ಅಂತರದಲ್ಲಿ, ಕುರಿಗಳನ್ನು ಮುಂದೆ ಹಾಕಿಕೊಂಡು ಬರುವುದು. ಆ ಸಾಲಿನಲ್ಲಿ ಯಾರು ಎಲ್ಲಿ ಎಂಬುದು ಮನೆಯೊಂದಿಗೆ ಬಂದ ಹಕ್ಕು, ಕುರಿಯ ಕಿವಿಗೆ ಹಾಕುವ ಗುರುತಿನ ಹಾಗೆ. ಊರಿನ ಮೊದಲ ಮನೆಯವರದು ಒಳಗಡೆಯ ಮೆತ್ತನೆಯ ಹುಲ್ಲು. ಕೊನೆಯ ಮನೆಯವರದು ಪ್ರಪಾತದ ಅಂಚು. ಮೆಕಾಸ್ಕಿಲ್‌ರದು ಕೊನೆಯ ಮನೆ.

ಅಲ್ಲಿ ಮೊದಲು ಅಪ್ಪ ನಡೆದ, ಆಮೇಲೆ ಅಣ್ಣ ಫಿನ್ಲೇ ನಡೆದ. ಆ ಅಂಚಿನಲ್ಲಿ ಒಂದು ಕಡೆ ದೊಡ್ಡ ಬಂಡೆ ಅಡ್ಡ ಬಂದು, ಬಂಡೆಗೂ ಕಡಲಿಗೂ ನಡುವೆ ಇಳಿಜಾರು ಹುಲ್ಲಿನ ಒಂದು ಪಟ್ಟಿಯಷ್ಟೇ ಉಳಿಯುತ್ತದೆ. ಬಂಡೆಯ ಹಿಂದೆ ಹೋದವನು ಯಾರಿಗೂ ಕಾಣುವುದಿಲ್ಲ. ಫಿನ್ಲೇ ಮಾತ್ರ ಅಲ್ಲಿ ಗಂಟಲು ಬಿಚ್ಚಿ, ಅಪ್ಪ ಹಾಡುತ್ತಿದ್ದ, ದೋಣಿಯ ಹುಟ್ಟು ಹಾಕುವಾಗಿನ ಹಾಡನ್ನೇ ಹಾಡುತ್ತ ಸಾಗುತ್ತಿದ್ದ. ಕೊನೆಯ ಮನೆಯವರಿಗೆ ಭಯ ಅನ್ನುವುದೇ ಗೊತ್ತಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅಂಥ ಫಿನ್ಲೇ ಈ ವಸಂತದಲ್ಲಿ ಕೊಟ್ಟಿಗೆಯ ಸಗಣಿಯ ಮೇಲೆ ಜಾರಿ ಸೊಂಟ ಮುರಿದುಕೊಂಡ.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಲಾಕ್ಲನ್ ಬಂದ. ಸಾಲಿನಲ್ಲಿ ಅವನದು ಇವರ ಪಕ್ಕದ ಜಾಗ. ಕುಳಿತು ಚಹಾ ಕುಡಿದ, ಆಕಾಶದ ಬಗ್ಗೆ ಮಾತಾಡಿದ, ತನ್ನ ನಾಯಿಯನ್ನು ಬೈದ.

"ಸೋಮವಾರ ಹೊರಡೋದು ಅಂತ ಆಯ್ತು," ಎಂದ ಕೊನೆಗೆ. "ಗಾಳಿ ಸ್ವಲ್ಪ ಇರುತ್ತಂತೆ. ಫಿನ್ಲೇ ಸೊಂಟ ಹೆಂಗಿದೆ?"

"ಹೆಂಗಿರುತ್ತೆ? ಬಾಯಿ ಒಂದು ನೆಟ್ಟಗಿದೆ."

"ಹಾಗಾದ್ರೆ... ನಿಮ್ಮನೆಯಿಂದ..." ಲಾಕ್ಲನ್ ಬಟ್ಟಲಿನೊಳಗೆ ನೋಡುತ್ತ ಕುಳಿತ.

ಅವನು ಮುಂದೆ ಹೇಳುವಂತಿರಲಿಲ್ಲ. ನಿಮ್ಮ ಜಾಗದಲ್ಲಿ ನಾನು ನಡೆಯುತ್ತೇನೆ ಎಂದರೆ ಹಾಲಸ್ತಾದಲ್ಲಿ ನಿಮ್ಮ ಮನೆ ಮುಗಿಯಿತು ಎಂದು ಮುಖಕ್ಕೆ ಹೇಳಿದಂತೆ. ಅವಳು ಕೇಳಿದ್ದರೆ ಅವನು ಕುಣಿದುಕೊಂಡು ಒಪ್ಪುತ್ತಿದ್ದ. ಅವನು ಹೇಳಿದ್ದರೆ ಅವಳು ಅವನ ಕಾಲು ಹಿಡಿಯುತ್ತಿದ್ದಳು. ಇಬ್ಬರೂ ಮರ್ಯಾದಸ್ಥರು. ಜಾಗ ಖಾಲಿ ಬಿಟ್ಟರೆ ಕುರಿಗಳು ಅದೇ ಸಂದಿಯಲ್ಲಿ ನುಗ್ಗಿ ಕಡಲಿಗೆ ಬೀಳುತ್ತವೆ. ಅದೂ ಇಬ್ಬರಿಗೂ ಗೊತ್ತಿತ್ತು.

"ನಾನೇ ಬರ್ತೀನಿ, ಇನ್ಯಾರು ಬರ್ತಾರೆ?" ಎಂದುಬಿಟ್ಟಳು ಮರ್ಡೀನಾ.

"ಕೊನೆ ಮನೆಯವಳಲ್ವೇನು ಮಾರಾಯ್ತಿ!" ಎಂದು ಲಾಕ್ಲನ್ ಸಂಕಟದಿಂದ ನಕ್ಕು ಹೊರಟುಹೋದ.

ತಯಾರಿಯೆಲ್ಲ ಅಂದೇ ಮುಗಿಯಬೇಕು. ನಮ್ಮಲ್ಲಿ ಭಾನುವಾರ ಆಲೂಗಡ್ಡೆ ಸುಲಿಯುವುದಿಲ್ಲ, ನೀರು ಸೇದುವುದಿಲ್ಲ, ಕುರಿಯ ಹೆಸರೆತ್ತುವುದಿಲ್ಲ. ಮರ್ಡೀನಾ ಓಟ್ಸ್ ರೊಟ್ಟಿ ಸುಟ್ಟಳು, ಮೊಟ್ಟೆ ಬೇಯಿಸಿದಳು, ಚೀಸ್ ಕಟ್ಟಿದಳು. ಫಿನ್ಲೇಯ ಕೋಲು ತೆಗೆದಿಟ್ಟಳು. ಹಗ್ಗವನ್ನು ಚೀಲಕ್ಕೆ ಹಾಕಿದಳು, ಯಾರಾದರೂ ನೋಡಿದರೆ ನಗುತ್ತಾರೆಂದು ಹೊರಗಿಟ್ಟಳು, ಮತ್ತೆ ಹಾಕಿದಳು. ನಡುನಡುವೆ ಒಲೆಯ ಪಕ್ಕದ ಕುರ್ಚಿಗೆ ಹೋಗಿ ಅಣ್ಣನನ್ನು ಕೇಳಿದಳು.

"ಆ ಬಂಡೆ ಹಿಂದೆ ಹೆಂಗೆ ದಾಟೋದು ಫಿನ್ಲೇ?"

"ಮೆಗ್‌ಗೆ ಬೆಳಿಗ್ಗೆ ಜಾಸ್ತಿ ತಿನ್ನಿಸಬೇಡ. ಹೊಟ್ಟೆ ತುಂಬಿದ ನಾಯಿ ಮಾತು ಕೇಳಲ್ಲ."

"ಬಂಡೆ ಕೇಳಿದೆ ನಾನು."

"ದೋಣೀಲಿ ಗಾಳಿಗೆ ಬೆನ್ನು ಮಾಡಿ ಕೂತ್ಕೋ. ಕಿವಿ ಮುಚ್ಚಿಕೋ."

ಅವನಿಗೆ ಅದು ಹೇಳುವಷ್ಟು ದೊಡ್ಡ ವಿಷಯವೇ ಅಲ್ಲ, ಅವನು ಗಂಡು, ಅಪ್ಪನ ಮಗ, ನಾನೊಬ್ಬಳೇ ಈ ಮನೆಯಲ್ಲಿ ಪುಕ್ಕಲಿ ಎಂದುಕೊಂಡಳು ಮರ್ಡೀನಾ. ಕಣ್ಣು ಮುಚ್ಚಿದರೆ ಕಾಲ ಕೆಳಗೆ ಹುಲ್ಲು ಜಾರುತ್ತಿತ್ತು, ತೆರೆದರೆ ಅಡುಗೆಮನೆಯ ನೆಲವೇ ವಾಲಿದಂತಾಗುತ್ತಿತ್ತು.

ಸಂಜೆ ಗಾಳಿಗೆ ತಡೆಯುವಂಥ ಬಟ್ಟೆ ಬೇಕೆಂದು ಫಿನ್ಲೇ ತುದಿಗೆ ಹೋಗುವಾಗ ತೊಡುತ್ತಿದ್ದ ದಪ್ಪ ಪ್ಯಾಂಟು ತೆಗೆದಳು. ಅದರ ಮಂಡಿಯಲ್ಲಿ ತೇಪೆಯ ಮೇಲೆ ತೇಪೆ, ಎಲ್ಲ ಅವಳದೇ ಹೊಲಿಗೆ. ವರ್ಷ ವರ್ಷವೂ ಮಂಡಿ ಹರಿದುಕೊಂಡು ಬರುತ್ತಿದ್ದ, ಕುರಿಗಳ ಮುಂದೆ ಪ್ರಾರ್ಥನೆ ಮಾಡ್ತೀಯಾ ಎಂದು ಅವಳು ಬೈಯುತ್ತಿದ್ದಳು. ಈಗ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹಿಂಭಾಗ ಹೊಸದರಂತಿತ್ತು. ಮಂಡಿ, ತೊಡೆಯ ಮುಂಭಾಗ, ಹೊಟ್ಟೆಯ ಹತ್ತಿರದ ಗುಂಡಿ, ಎಲ್ಲ ಉಜ್ಜಿ ಸವೆದಿದ್ದವು. ನಡೆಯುವವನ ಪ್ಯಾಂಟು ಹೀಗೆ ಸವೆಯುವುದಿಲ್ಲ.

ಅಷ್ಟರಲ್ಲಿ ಫಿನ್ಲೇ ಬೈಬಲ್ ತೆಗೆದಿದ್ದ. ಬೈಬಲ್ ತೆರೆದ ಮೇಲೆ ಕುರಿಯ ಮಾತು ಕೇಳುವಂತಿರಲಿಲ್ಲ.

ಭಾನುವಾರದಷ್ಟು ಉದ್ದದ ದಿನವನ್ನು ಅವಳು ಕಂಡಿರಲಿಲ್ಲ. ಕೆಲಸವಿದ್ದರೆ ಭಯಕ್ಕೆ ಕೂರಲು ಜಾಗ ಸಿಗುವುದಿಲ್ಲ, ಅಂದು ಕೆಲಸವೇ ಇರಲಿಲ್ಲ. ಚರ್ಚಿನಲ್ಲಿ ಉಪದೇಶದ ನಡುವೆ ಲಾಕ್ಲನ್ ಹೆಂಡತಿ ಡೊಲೀನಾ ಎಂದಿನಂತೆ ಪೆಪ್ಪರಮೆಂಟು ದಾಟಿಸಿದಳು. ಅದು ಮರ್ಡೀನಾಳ ಕೈಯಿಂದ ನೆಲಕ್ಕೆ ಬಿತ್ತು, ಹಲಗೆಯ ಮೇಲೆ ಟಕಟಕನೆ ಉರುಳಿ ಮುಂದಿನ ಸಾಲಿಗೆ ಹೋಯಿತು. ಪಾದ್ರಿ ಒಂದು ಕ್ಷಣ ನಿಲ್ಲಿಸಿದರು. ಹೊರಗೆ ಗಾಳಿ ಕಿಟಕಿಯನ್ನು ಅಲುಗಿಸುತ್ತಿತ್ತು.

ಊಟವಾದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಫಿನ್ಲೇ, ನೀನು ಅಲ್ಲಿ ತೆವಳ್ತಿದ್ದೆಯಾ?"

"ಇವತ್ತು ಭಾನುವಾರ."

"ಗೊತ್ತು. ನನಗೆ ಜೀವ ಬಾಯಿಗೆ ಬಂದಿದೆ. ಏಣಿ ಹತ್ತಿದವಳಲ್ಲ ನಾನು. ನಾಳೆ ಸತ್ತೇಹೋಗ್ತೀನಿ ಅನ್ಸತ್ತೆ."

ಜೀವಮಾನದಲ್ಲಿ ಭಾನುವಾರ ಕುರಿಯ ಸುದ್ದಿ ಎತ್ತದ ಮನುಷ್ಯ ಒಲೆಯ ಕಡೆ ಮುಖ ತಿರುಗಿಸಿದ. ಅವನ ಕಿವಿ ಕೆಂಪಾಗಿತ್ತು.

"ಬಂಡೆ ಶುರುವಾಗೋ ಕಡೆ ಕೂತ್ಕೋ," ಎಂದ. "ಆಮೇಲೆ ಹೊಟ್ಟೆ ಮೇಲೆ ಮಲಗು. ಬಂಡೆ ಎಡಕ್ಕಿರಲಿ. ಬಲಗೈಲಿ ಹುಲ್ಲಿನ ಬುಡ ಹಿಡಿ. ಗುಲಾಬಿ ಬಣ್ಣದ ಹೂವಿನ ಗಿಡ ಮಾತ್ರ ಹಿಡೀಬೇಡ, ಕಿತ್ತುಕೊಂಡು ಬರುತ್ತೆ. ಕಣ್ಣು ಮುಚ್ಕೋ. ನಾನು ಒಂದು ಸಲನೂ ತೆರೆದಿಲ್ಲ."

"ಮತ್ತೆ ಆ ಹಾಡು?"

"ಹಾಡಿದ್ರೆ ನಿಂತಿದಾನೆ ಅಂದ್ಕೋತಾರೆ. ಮಲ್ಕೊಂಡು ಹಾಡ್ತಾನೆ ಅಂತ ಯಾರಿಗೆ ಹೊಳೆಯುತ್ತೆ?" ಅವನು ನಗಲು ನೋಡಿದ, ಆಗಲಿಲ್ಲ. "ಅಪ್ಪ ನಿಂತು ನಡೆದ ಜಾಗ ಅದು ಹುಡುಗಿ. ಅಂಥವನ ಹೊಟ್ಟೇಲಿ ಹುಟ್ಟಿ ಹುಳದ ಹಾಗೆ ತೆವಳಿದೆ ನಾನು. ಯಾರಿಗೂ ಹೇಳಬೇಡ."

ಸೋಮವಾರ ಗಾಳಿ 'ಸ್ವಲ್ಪ' ಇರಲಿಲ್ಲ. ಸಾಲು ತುದಿಯಿಂದ ಹಿಂದಕ್ಕೆ ತಿರುಗಿದಾಗ ಅದು ಮರ್ಡೀನಾಳ ಬಾಯಿಂದ ಉಸಿರು ಕಿತ್ತುಕೊಳ್ಳುತ್ತಿತ್ತು. ಬಂಡೆ ಬಂತು. ಲಾಕ್ಲನ್ ಮರೆಯಾದ. ಅವಳು ಕುಳಿತಳು, ಮಲಗಿದಳು, ಹಾಡತೊಡಗಿದಳು. ಹಾಡು ಅಳುವಿನಂತೆ ಬಂತು.

"ಫಿನ್ಲೇಗಿಂತ ಕರ್ಕಶ ಕಣೇ!" ಎಂದು ಬಂಡೆಯ ಆಚೆಯಿಂದ ಲಾಕ್ಲನ್ ಕೂಗಿದ.

ಬಲಕ್ಕೆ ಹುಲ್ಲು ಮುಗಿದು, ಬಹಳ ಕೆಳಗೆ, ಬಿಳಿ ನೀರು ಕುದಿಯುತ್ತಿತ್ತು. ಕಣ್ಣು ಮುಚ್ಚಿದಳು. ಮುಚ್ಚಿದೊಡನೆ ಇಡೀ ತುದಿಯೇ ಕಡಲಿಗೆ ಮಗುಚಿದಂತಾಗಿ ಕಿರುಚಿಕೊಂಡಳು. ಅವಳಿಂದ ಅಣ್ಣನಂತೆ ಆಗದು. ಕಣ್ಣು ತೆರೆದು, ಕಡಲ ಕಡೆ ನೋಡಲಾರದೆ ಮುಖವನ್ನು ಎಡಕ್ಕೆ, ಬಂಡೆಗೆ ಒತ್ತಿ ಹಿಡಿದಳು. ಅಲ್ಲಿ, ಬಂಡೆಯ ಬುಡದ ಸೀಳಿನಲ್ಲಿ, ಮೂಗಿನ ನೇರಕ್ಕೆ ಯಾರೋ ಬಡಿದ ಒಂದು ಕಬ್ಬಿಣದ ಗೂಟವಿತ್ತು. ತುಕ್ಕು ಹಿಡಿದಿತ್ತು, ಆದರೆ ಎಳೆದರೆ ಅಲ್ಲಾಡಲಿಲ್ಲ. ಅದರಾಚೆ, ಕೈಗೆಟಕುವ ದೂರದಲ್ಲಿ, ಇನ್ನೊಂದು. ಗೂಟದ ತಲೆಯ ಮೇಲೆ ಅರದಿಂದ ಕೊರೆದ ಒಂದು ಸೀಳು, ಪಕ್ಕದಲ್ಲೊಂದು ಚುಕ್ಕೆ. ಅವಳ ಮನೆಯ ಕುರಿಗಳ ಕಿವಿಯ ಗುರುತು. ಮನೆಯಲ್ಲಿ ಅರ ಹಿಡಿದವನು ಅಪ್ಪ ಒಬ್ಬನೇ. ಅವಳು ಗೂಟದಿಂದ ಗೂಟಕ್ಕೆ ಕೈ ಬದಲಿಸುತ್ತ, ಮೂಗು ಸುರಿಸುತ್ತ, ದೊಡ್ಡ ದನಿಯಲ್ಲಿ ಹಾಡುತ್ತ ಆಚೆ ಬಂದಳು. ಕುರಿ ಒಂದೂ ತಪ್ಪಲಿಲ್ಲ.

ಮನೆಗೆ ಬಂದಾಗ ಫಿನ್ಲೇ ಬಾಗಿಲನ್ನೇ ನೋಡುತ್ತ ಕುಳಿತಿದ್ದ. ಅವಳು ಒದ್ದೆ ಕೋಟು ತೆಗೆಯುವ ಮೊದಲೇ ಗೂಟಗಳ ಸುದ್ದಿ ಹೇಳಿದಳು.

"ಗೂಟವಾ? ಇರಬಹುದು. ನಿಂತೋರು ಹಿಡ್ಕೊಳ್ಳೋಕೆ ಅಪ್ಪ ಹಾಕಿರ್ತಾನೆ," ಎಂದ ಅವನು. ದನಿ ಮಾತ್ರ ಅನುಮಾನದಲ್ಲಿತ್ತು. "ಎಷ್ಟು ಎತ್ತರದಲ್ಲಿತ್ತು?"

ಮರ್ಡೀನಾ ಬಗ್ಗಿದಳು. ಕೈಯನ್ನು ಮೇಜಿಗಿಂತ ಕೆಳಗೆ, ಕುರ್ಚಿಗಿಂತ ಕೆಳಗೆ ಇಳಿಸಿ, ಒಲೆಯ ಮುಂದೆ ಮಲಗಿದ್ದ ಮೆಗ್‌ನ ಬೆನ್ನಿನ ಮಟ್ಟಕ್ಕೆ ಹಿಡಿದು ತೋರಿಸಿದಳು.

ಫಿನ್ಲೇ ಆ ಕೈಯನ್ನು ನೋಡಿದ. ನೋಡುತ್ತ ನೋಡುತ್ತ ಅವನ ಗಲ್ಲ ಅದುರಿತು. ಕೈ ನೋಯುತ್ತಿದ್ದರೂ ಅವನು ಸಾಕು ಎನ್ನುವವರೆಗೆ ಅವಳು ಅದನ್ನು ಅಲ್ಲಿಯೇ ಹಿಡಿದಿದ್ದಳು.