ಬಕಪಕ್ಷಿ ಮಿಸ್

ಅವಳಿಗೆ ಬಕಪಕ್ಷಿ ಎಂದು ಹೆಸರಿಟ್ಟವರು ಗಣಿತದ ಮೇಷ್ಟ್ರು. ಕೊಕ್ಕರೆ ಮೀನಿಗೆ ಕಾದ ಹಾಗೆ ಮಕ್ಕಳ ಉತ್ತರಕ್ಕೆ ಕಾಯುತ್ತಾಳೆ ಎಂದು. ಆ ಹೆಸರು ಬೇಗನೆ ಮಕ್ಕಳ ಬಾಯಿಗೂ ಬಂತು. ಅವಳು ತೀರಿಕೊಂಡ ಸುದ್ದಿಯನ್ನು ನಾನು ಸ್ಟಾಫ್ ರೂಮಿಗೆ ತಂದಾಗಲೂ ಒಬ್ಬರು, “ಯಾರು, ಬಕಪಕ್ಷಿನಾ?” ಎಂದರು. ನಿಜವಾದ ಹೆಸರು ತಕ್ಷಣ ಯಾರಿಗೂ ನೆನಪಾಗಲಿಲ್ಲ.

ತರಬೇತಿ ಕಾಲೇಜಿನಿಂದಲೂ ನಾವು ಗೆಳತಿಯರು. ಒಂದೇ ಶಾಲೆಗೆ ಸೇರಿದೆವು. ನಾನು ಎರಡನೇ ತರಗತಿಗೆ, ಅವಳು ಆರನೆಯದಕ್ಕೆ. ನಡುವೆ ಹಲಗೆಯ ಗೋಡೆ, ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಕೇಳುತ್ತಿತ್ತು.

ಕೇಳಿದ ಮೇಲೆ ಹೊತ್ತು ಕೊಡದಿದ್ದರೆ ಅದು ಪ್ರಶ್ನೆಯಲ್ಲ, ಬೈಗುಳ ಎನ್ನುತ್ತಿದ್ದಳು ಅವಳು. ಒಂದು ಮಗುವನ್ನು ಕೇಳಿದಳೆಂದರೆ ಬೇರೆಯವರು ಕೈ ಎತ್ತುವಂತಿಲ್ಲ. ‘ಕೂತ್ಕೋ’ ಎಂದು ತಾನೂ ಹೇಳುವುದಿಲ್ಲ. ಮಗು ಬಾಯಿ ಬಿಡುವ ತನಕ ಕಿಟಕಿಗೆ ಒರಗಿ ನಿಲ್ಲುವಳು. ಹಿಂದಿನ ಬೆಂಚಿನಲ್ಲಿ ತೊದಲುವ ಹುಡುಗಿಯೊಬ್ಬಳಿದ್ದಳು. ಅದುವರೆಗಿನ ಶಿಕ್ಷಕರು ಅವಳನ್ನು ಏನೂ ಕೇಳದೆ ಪಾಸು ಮಾಡಿದ್ದರು. ಇವಳು ಕೇಳಿದಳು, ಕಾದಳು. ಒಂದು ದಿನ ಆ ಹುಡುಗಿ ಎರಡು ಪದ ಹೇಳಿದಳಂತೆ. ಆ ಸಂಜೆ ಗೆಳತಿ ನನ್ನನ್ನು ಮಾತಾಡಲು ಬಿಡಲೇ ಇಲ್ಲ.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವಳಿದ್ದದ್ದು ಅಣ್ಣನ ಮನೆಯ ಹಜಾರದಲ್ಲಿ, ಟಿವಿಯ ಪಕ್ಕದ ಮಂಚದ ಮೇಲೆ. ಖಾಯಂ ಆದರೆ ಬೇರೆ ಕೋಣೆ ಹಿಡಿಯುತ್ತಾಳಂತೆ, ಅಲ್ಲಿಯವರೆಗೆ ನಮ್ಮ ಹಣೆಬರಹ ಎಂದು ಅತ್ತಿಗೆ ಪಕ್ಕದ ಮನೆಯವರಿಗೆ, ಇವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು.

ಖಾಯಂ ಮಾಡುವ ಮುನ್ನ ಹೆಡ್‌ಮಿಸ್ ಪಾಠ ನೋಡಲು ಬರುವ ದಿನ ಗೊತ್ತಾಯಿತು. ಚುರುಕಾದ ಮಕ್ಕಳನ್ನೇ ಕೇಳು ಎಂದೆ. ಅದು ನಾಟಕವಾಗುತ್ತದೆ ಎಂದಳು. ಆ ದಿನ ನದಿಗಳ ಪಾಠ. ನದಿ ಎಲ್ಲಿ ಹುಟ್ಟುತ್ತದೆ ಎಂದು ಅವಳು ಕೇಳಿದ್ದು ಆ ತೊದಲುವ ಹುಡುಗಿಯನ್ನೇ. ಗೋಡೆಯ ಈಚೆ ನನಗೆಲ್ಲ ಕೇಳುತ್ತಿತ್ತು. ಬೆಟ್ಟ ಎನ್ನಬೇಕು. ಹುಡುಗಿಯ ನಾಲಿಗೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಬ... ಬ...

“ಬಕಪಕ್ಷಿ,” ಎಂದ ಯಾವನೋ. ತರಗತಿಯೆಲ್ಲ ಕಿಸಕ್ಕೆಂದಿತು.

ಹೆಡ್‌ಮಿಸ್ ಬೇರೆಯವರನ್ನು ಕೇಳಿ ಎಂದರು.

“ಸ್ವಲ್ಪ ಇರಿ, ಮೇಡಂ. ಹೇಳ್ತಾಳೆ.”

ಮತ್ತೆ ಬ, ಮತ್ತೆ ನಗು. ಹುಡುಗಿ ಬಿಕ್ಕುವುದು ಕೇಳಿಸಿತು. ಆದರೂ ಇವಳು ‘ಕೂತ್ಕೋ’ ಎನ್ನಲಿಲ್ಲ. ಆ ಪದವನ್ನು ಬಾಯಿಗೆ ತರಬಾರದೆಂದು ಹಟ ಹಿಡಿದವಳಿಗೆ, ಆ ಹೊತ್ತು ಮಗುವಿಗೆ ಬೇಕಾಗಿದ್ದುದು ಅದೊಂದೇ ಪದ ಎಂದು ಹೊಳೆಯಲಿಲ್ಲ. ಕಡೆಗೆ ಹುಡುಗಿಯೇ ಹೇಳಿದಳು: “ಮಿಸ್... ಕೂ... ಕೂತ್ಕೋತೀನಿ. ದಮ್ಮಯ್ಯ.”

ಹೆಡ್‌ಮಿಸ್ ಎದ್ದರು. “ಇಷ್ಟು ಹೊತ್ತು ಅದನ್ನ ನಿಲ್ಲಿಸಿ ಸಾಯಿಸೋ ಬದಲು ಒಂದೇಟು ಹೊಡೆದಿದ್ರೇ ವಾಸಿಯಾಗಿತ್ತಮ್ಮ.”

ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸಿದರು. ಗಣಿತದ ಮೇಷ್ಟ್ರು, ಹಕ್ಕಿ ಹಾರಿತು, ಮೀನು ಬದುಕಿತು ಎಂದು ನಗಿಸಿದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ, ಇವಳಿಗೆ ಅದೂ ಇಲ್ಲ ಎಂದರು ಅತ್ತಿಗೆ. ಅವಳು ಬಟ್ಟೆ ಅಂಗಡಿ ಸೇರಿದಳು. ದಿನವಿಡೀ ಥಾನು ಬಿಚ್ಚಿ ಮಡಿಸುವ ಕೆಲಸ, ಗಾಳಿಯಿಲ್ಲದ ಉಗ್ರಾಣ. ಕೆಮ್ಮು ಹತ್ತಿತು. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದಾಗ ಹೊತ್ತು ಮೀರಿತ್ತು. ಹಜಾರದ ಮಂಚಕ್ಕೆ ಅತ್ತಿಗೆ ಪರದೆ ಕಟ್ಟಿದರು, ಟಿವಿ ನಿಲ್ಲಿಸಲಿಲ್ಲ.

ಪರದೆಯೊಳಗೆ ಅವಳು ನನ್ನನ್ನು ಒಂದೇ ಒಂದು ವಿಷಯ ಕೇಳಿದಳು. ಆ ಹುಡುಗಿಗೆ ತನ್ನ ಮೇಲೆ ಕೋಪವಿದೆಯೇ, ವಿಚಾರಿಸಿ ಬಾ ಎಂದು. ಶಾಲೆಯ ನೀರಿನ ನಲ್ಲಿಯ ಹತ್ತಿರ ಹುಡುಗಿಯನ್ನು ಹಿಡಿದು ಕೇಳಿದೆ. ಬಾಟಲಿ ತುಂಬಿ ಹರಿಯುವವರೆಗೂ ಅವಳು ತಲೆ ಎತ್ತಲಿಲ್ಲ. ಆಮೇಲೆ, “ಈಗ ಯಾರೂ ನನ್ನ ಏನೂ ಕೇಳಲ್ಲ, ಮಿಸ್. ಇದೇ ಚೆನ್ನಾಗಿದೆ,” ಎಂದಳು.

ಗೆಳತಿಗೆ ಸುಳ್ಳು ಹೇಳಬಹುದಿತ್ತು. ಆದರೆ ನನ್ನ ಮುಖ ನೋಡಿಯೇ ಅವಳು ಹಿಡಿದುಬಿಡುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿದಳು.

“ತೊದಲಿದ್ಲೇನೇ?”

ಇಲ್ಲ ಎಂದೆ.

“ಒಂದ್ಸಲಾನೂ?”

“ಇಲ್ಲ ಕಣೇ.”

“ಸದ್ಯ,” ಎಂದಳು. ನೋವಿಗೆ ಹಾಗೆಂದಳು ಎಂದುಕೊಂಡು ಬಗ್ಗಿ ಮುಖ ನೋಡಿದೆ. ಅಲ್ಲ, ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.